ಹಳದಿ ಗೀಟು

ಪೈಪಿನ ಆ ಎಲ್ಬೋದ ಮೇಲೆ ಹಳದಿ ಗೀಟು ಎಳೆದವನು ನಾನು, ಐತಪ್ಪಣ್ಣ ಅಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಹೆಂಡತಿಗೂ.

ತೊಂಬತ್ತರ ದಶಕದ ಆರಂಭ. ಕೊಚ್ಚಿಯಲ್ಲಿ ನಾನಿದ್ದ ಕಂಪೆನಿ ಏರ್‌ಕಂಡೀಷನ್ ಕೂರಿಸುತ್ತಿತ್ತು; ಪೈಪಿನ ಕೆಲಸವನ್ನು ಹೊರಗಿನವರಿಗೆ ಕೊಡುತ್ತಿತ್ತು. ಅದನ್ನೂ ನಾವೇ ಮಾಡೋಣವೆಂದು ಮುದಲಾಳಿಯ — ಮಾಲೀಕರನ್ನು ಅಲ್ಲಿ ಕರೆಯುವುದೇ ಹಾಗೆ — ಬೆನ್ನು ಬಿದ್ದವನು ನಾನು. ಚೌಕಾಶಿ ಮಾಡಿ ಒಪ್ಪಿಸಿದೆ. ಅವರದು ಒಂದೇ ಷರತ್ತು: ಮೊದಲ ಕೆಲಸ ಕೆಟ್ಟರೆ ಪೈಪಿನ ವಿಭಾಗಕ್ಕೆ ಅಂದೇ ಬೀಗ.

ಮೊದಲ ಕೆಲಸ ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನದು. ಅದಕ್ಕಾಗಿ ಕುಂಬಳೆಯಿಂದ ಐತಪ್ಪಣ್ಣನನ್ನು ಕರೆತಂದೆ. ನನ್ನ ಊರಿನ ಕಡೆಯವರು, ನನಗಿಂತ ಹಿರಿಯರು, ಪಳಗಿದ ಫಿಟ್ಟರ್. ಕಂಟ್ರಾಕ್ಟಿಗೆ ಇಳಿಯುವ ಹೊಸಬರಿಗೆ ನಾನು ಈಗಲೂ ಹೇಳುವುದುಂಟು: ಯಂತ್ರ ಆಮೇಲೆ ಕೊಳ್ಳಿ, ಮೊದಲು ಒಬ್ಬ ಒಳ್ಳೆಯ ಫಿಟ್ಟರನ್ನು ಹಿಡಿಯಿರಿ. ಸಲಹೆಯೇನೋ ಸರಿಯಾದದ್ದೇ. ಹೇಳುವ ಬಾಯಿ ಮಾತ್ರ —

ಅವರದೊಂದು ಪದ್ಧತಿ ಇತ್ತು. ತಾವು ಬಿಗಿದ ಜಾಯಿಂಟು ಮನಸ್ಸಿಗೆ ಒಪ್ಪಿದರೆ ಮಾತ್ರ ಅದರ ಮೇಲೆ ಹಳದಿ ಪೈಂಟಿನ ಗೀಟು. ತಪಾಸಣೆಯ ಎಂಜಿನಿಯರ್ ಗೀಟು ಕಂಡರೆ ಸಾಕು, ಮುಂದೆ ಹೋಗುತ್ತಿದ್ದರು.

ತಪಾಸಣೆಯ ಹಿಂದಿನ ದಿನ ಐತಪ್ಪಣ್ಣ ತಂಗಿಯ ಮದುವೆಯ ಮಾತುಕತೆಗೆ ಊರಿಗೆ ಹೊರಟರು. ಊಟದ ಹಾಲ್‌ನ ಮೇಲೆ ಪೈಪು ತಿರುಗುವಲ್ಲಿದ್ದ ಒಂದು ಎಲ್ಬೋಗೆ ಮಾತ್ರ ಗೀಟಿರಲಿಲ್ಲ.

“ಅದರ ಥ್ರೆಡ್ ಓರೆ ಹಿಡಿದಿದೆ ಮಾರಾಯ. ನಾಡಿದ್ದು ಬಂದು ಬಿಚ್ಚಿ ಕಟ್ಟುತ್ತೇನೆ.”

“ಟೆಸ್ಟಿನಲ್ಲಿ ಪ್ರೆಶರ್ ಇಳಿಯದೆ ನಿಂತಿದೆ ಅಲ್ವಾ ಐತಪ್ಪಣ್ಣ?”

“ಇವತ್ತು ನಿಂತಿದೆ. ನಿನಗೆ ಮೀಟರಿನ ಮುಳ್ಳು ನೋಡಿದರೆ ಗೊತ್ತಾಗುವುದು, ನನಗೆ ಕೈಯಲ್ಲಿ ಗೊತ್ತಾಗ್ತದೆ. ನೀನು ನಿನ್ನ ಟೈ ಸರಿ ಮಾಡಿಕೋ, ಸಾಕು!”

ಎರಡು ದಿನ ಸಮಯ ಕೇಳಬಹುದಿತ್ತು. ಕೇಳಲಿಲ್ಲ. ಬೆಳಿಗ್ಗೆ ಪೈಂಟಿನ ಡಬ್ಬಿ ಹಿಡಿದು ಏಣಿ ಹತ್ತಿದೆ. ಒಂದು ಗೀಟು. ಎಂಜಿನಿಯರ್ ಸಹಿ ಹಾಕಿದರು, ಮರುದಿನವೇ ಸೀಲಿಂಗ್ ಮುಚ್ಚಿತು. “ಎಲ್ಲ ಪಾಸಾಯಿತು, ಕೊಚ್ಚಿಯಲ್ಲಿ ಇಳಿಯುವುದು ಬೇಡ, ನೇರ ತಿರುವನಂತಪುರಕ್ಕೆ ಹೋಗಿ” ಎಂದು ಐತಪ್ಪಣ್ಣನಿಗೆ ಫೋನು ಮಾಡಿಸಿದೆ. ಅಲ್ಲಿ ಮುಂದಿನ ಕೆಲಸ ಸಿಕ್ಕಿತ್ತು. ಆ ಎಲ್ಬೋವನ್ನು ಬೇರೆ ಯಾರಿಂದಲೋ ಕಟ್ಟಿಸಿರಬೇಕು ಎಂದುಕೊಂಡರೋ ಏನೋ.

ಏಳೆಂಟು ತಿಂಗಳಿಗೆ ಊಟದ ಹಾಲ್‌ನ ಸೀಲಿಂಗ್ ನೆನೆದು ಕಳಚಿ ಬಿತ್ತು. ಮುದಲಾಳಿ ಐತಪ್ಪಣ್ಣನನ್ನು ತಿರುವನಂತಪುರದಿಂದ ಕರೆಸಿದರು. ಏಣಿಯ ಮೇಲೆ ನಿಂತು ಅವರು ತಮ್ಮದೇ ಬಣ್ಣವನ್ನು ನೋಡಿದರು. “ಇದಕ್ಕೆ ನಾನು ಹಾಕಿರಲಿಲ್ಲ ಅಲ್ವಾ?” — ಕೇಳಿದ್ದು ನನ್ನನ್ನು, ಮುದಲಾಳಿಯ ಎದುರಿಗೆ.

“ಹೊರಡುವ ಮೊದಲು ಮತ್ತೆ ಹತ್ತಿ ನೀವೇ ಹಾಕಿದ್ದು ಐತಪ್ಪಣ್ಣ. ಕೆಳಗೆ ಏಣಿ ಹಿಡಿದದ್ದು ನಾನೇ.”

ಅವರು ಜಗಳ ಮಾಡುತ್ತಾರೆಂದು ತಯಾರಾಗಿದ್ದೆ. ಮಾಡಲಿಲ್ಲ. ಊರಿನವನು ಸುಳ್ಳು ಹೇಳುವುದುಂಟೇ ಎಂದುಕೊಂಡರೇನೋ — “ಹಾಗಾದರೆ ಹಾಕಿರಬೇಕು,” ಎಂದರು. “ನನಗೇ ನೆನಪಿಲ್ಲ ಅಂತಾದರೆ...” ಏಣಿ ಇಳಿದರು.

ತಪ್ಪು ಒಬ್ಬ ಮನುಷ್ಯನದೆಂದಾಯಿತು, ವಿಭಾಗ ಉಳಿಯಿತು. ಮೂವರಿದ್ದದ್ದು ನಲವತ್ತಾಯಿತು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ದೊಡ್ಡ ಕೆಲಸ ಹಿಡಿದೆವು. ನಾನು ಮ್ಯಾನೇಜರಾದೆ. ಐತಪ್ಪಣ್ಣನನ್ನು ಯಾರೂ ತೆಗೆದುಹಾಕಲಿಲ್ಲ; ತಾವಾಗಿಯೇ ಪೈಪ್‌ರೆಂಚ್ ಕೆಳಗಿಟ್ಟು ಸ್ಟೋರಿನ ಕೆಲಸ ಕೇಳಿ ಪಡೆದರು. ಅಲ್ಲಿನ ಚಾಲೈ ಪೇಟೆಯ ಅಂಗಡಿಗಳಿಂದ ವಾಷರು, ಕ್ಲಾಂಪು ತರುವುದು, ಎಣಿಸುವುದು. ಎಣಿಸಿದ್ದನ್ನೇ ಮತ್ತೆ ಎಣಿಸುವುದು.

ನಾನು ಕೆಡಿಸಿದ್ದು ಅವರ ಹೆಸರನ್ನಷ್ಟೇ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಹೆಸರನ್ನು ಬೇರೆಯವರಾದರೂ ಎತ್ತಿ ನಿಲ್ಲಿಸಬಹುದು. ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಕೆ — ಅದನ್ನು...

ಹೋದ ತಿಂಗಳು ಕುಂಬಳೆಗೆ, ಐತಪ್ಪಣ್ಣನ ಮನೆಗೆ ಹೋಗಿದ್ದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. “ಪೇಟೆಯಿಂದ ಪ್ಲಂಬರ್ ಬರ್ತಾನೆ,” ಎಂದರು, ನಾಚಿಕೆಯಿಂದ. “ನಾನು ಮುಟ್ಟುವುದಿಲ್ಲ ಮಾರಾಯ.” ನಾನು ಕಾಫಿ ಕುಡಿದು ಬಂದೆ.

ಅಚ್ಚಿಗೆ ಕೊಡುವ ಮೊದಲು ಇದನ್ನು ಅವರ ಎದುರು ಕುಳಿತು ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಅವರು ಕೊಟ್ಟುಬಿಡುತ್ತಾರೆ.