ಸಮುದ್ರದ ಸುದ್ದಿ

ಬಂಗುಡೆಯ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದ ಮೇಲೆಯೇ ಅವಳು ಮಾತಾಡುತ್ತಿದ್ದಳು: "ಸಮುದ್ರ ಇವತ್ತು ತಣ್ಣಗದೆ ಕಣವ್ವ." ಮಳೆಗಾಲ ಮುಗಿದು ಮಂಗಳೂರಿನ ದೋಣಿಗಳು ಕಡಲಿಗಿಳಿದವೆಂದರೆ, ಹಾಸನದ ನಮ್ಮ ಬೀದಿಗೆ ಬರುತ್ತಿದ್ದ ಈ ಮೀನಿನಕ್ಕನಿಂದ ದಿನವೂ ಸಮುದ್ರದ ಸುದ್ದಿ. ಮೀನು ಸಣ್ಣದಿದ್ದರೆ, "ಇವತ್ತು ಅದಕ್ಕೆ ಸಿಟ್ಟು."

ಹಾಸನದ ಪಕ್ಕದ ಸಾಲಗಾಮೆಯವಳಾದ ಅವಳು ಸಮುದ್ರವನ್ನು ಕಂಡೇ ಇರಲಿಲ್ಲ. "ಒಂದ್ಸಲ ನೋಡ್ಬುಟ್ರೆ ಸಾಕು ಕಣಣ್ಣ" ಎಂದು ಪ್ರತಿ ವರ್ಷ ಮೀನಿನ ಲಾರಿಯವನನ್ನು ಕಾಡುತ್ತಿದ್ದಳು. ಒಂದು ದೀಪಾವಳಿಯ ನಂತರ ಅವನು ಹತ್ತಿಸಿಕೊಂಡು ಹೋದ.

ತಿರುಗಿ ಬಂದ ಮರುದಿನ ಬೆಳಿಗ್ಗೆ ಅವಳ ಸೀರೆಯಂಚಿನಲ್ಲಿ ಉಪ್ಪು ಬೆಳ್ಳಗೆ ಒಣಗಿತ್ತು. "ಹೇಗಿದೆಯೇ ಇವತ್ತು ನಿನ್ನ ಸಮುದ್ರ?" ಎಂದು ಅಮ್ಮ ಕೆಣಕಿದರು. ಅವಳು ಕಿವಿರು ಮುಟ್ಟಲಿಲ್ಲ. "ಅಷ್ಟು ದೊಡ್ಡದ್ರ ಸುದ್ದಿ ನಾನೆಂಗವ್ವ ಯೋಳ್ಲಿ" ಎಂದು ನಗುನಗುತ್ತಲೇ ಬಂಗುಡೆ ಕತ್ತರಿಸಲು ಕೂತಳು.