ಬೆನ್ನು ಉಜ್ಜುವುದನ್ನು ಬಿಡಿಸಿದ ಮೇಟ್ರನ್

ಆಸ್ಪತ್ರೆಯ ನರ್ಸುಗಳಿಗೆಲ್ಲ ಹಿರಿಯರಾಗಿದ್ದ ನಮ್ಮ ಮೇಟ್ರನ್ ಅವರ ಅಂಗೈ ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು. ಹಾಸಿಗೆ ಹಿಡಿದವರ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ವರ್ಷಗಟ್ಟಲೆ ಉಜ್ಜಿದ ಕೈ ಅದು. ಹೊಸ ನರ್ಸುಗಳು ಬಂದರೆ ಅವರ ಕೈಮೇಲೆ ತಮ್ಮ ಕೈಯಿಟ್ಟು, ಎಷ್ಟು ಒತ್ತಬೇಕೆಂದು ತೋರಿಸುತ್ತಿದ್ದರು. ಕೆಂಪಾದ ಜಾಗವನ್ನು ಚೆನ್ನಾಗಿ ಉಜ್ಜಿದರೆ ರಕ್ತ ಓಡಾಡಿ ಹುಣ್ಣಾಗುವುದಿಲ್ಲ ಎಂಬುದು ಆಗ ವೇದವಾಕ್ಯ.

ಎಪ್ಪತ್ತರ ದಶಕದಲ್ಲಿ ನಾನು ಗದಗಿನ ಕಡೆಯಿಂದ ಬಂದು ಯಶವಂತಪುರದ ಒಂದು ಆಸ್ಪತ್ರೆಗೆ ನರ್ಸಾಗಿ ಸೇರಿದೆ. ಕಾರ್ಖಾನೆಗಳಲ್ಲಿ ಬಿದ್ದವರು, ಗೊರಗುಂಟೆಪಾಳ್ಯದಲ್ಲಿ ಲಾರಿಗೆ ಸಿಕ್ಕವರು ನಮ್ಮ ವಾರ್ಡಿಗೆ ಬರುತ್ತಿದ್ದರು. ರೊಟ್ಟಿ ಬಡಿದು ಗಟ್ಟಿಯಾದ ನನ್ನ ಕೈಯನ್ನು ಮೇಟ್ರನ್ ಎಲ್ಲರ ಮುಂದೆ ಹೊಗಳಿದ್ದರು: "ಉಜ್ಜಿದ್ರೆ ಹಿಂಗೆ ಉಜ್ಜಬೇಕು ಕಣ್ರೀ!" ಆ ಜಂಬದಲ್ಲೇ ನಾನು ಬಹಳ ಕಾಲ ಬೀಗಿದೆ.

ರಜೆಯ ದಿನ ಬಸ್ಸು ಹಿಡಿದು ಪೇಟೆಯ ಕಡೆಯ ಲೈಬ್ರರಿಗೆ ಹೋಗಿ, ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ವಿದೇಶದ ನರ್ಸಿಂಗ್ ಪತ್ರಿಕೆಗಳನ್ನು ಓದುವುದು ಮೇಟ್ರನ್ ಅವರ ಚಟ. "ಮೇಡಂ ಮ್ಯಾಟಿನಿಗೆ ಹೋದ್ರು" ಎಂದು ನಾವು ನಗುತ್ತಿದ್ದೆವು. ಎಂಬತ್ತರ ದಶಕದ ಆರಂಭದಲ್ಲಿ, ಅಂಥದೊಂದು ರಜೆಯ ಮರುದಿನ, ನಮ್ಮನ್ನೆಲ್ಲ ಸೇರಿಸಿದರು.

"ಕೆಂಪಾದ ಜಾಗ ಉಜ್ಜಿದ್ರೆ ಒಳಗಿನ ಮಾಂಸ ಇನ್ನೂ ಕೆಡುತ್ತಂತೆ. ಪರೀಕ್ಷೆ ಮಾಡಿ ನೋಡಿದಾರೆ. ನಾನು ನಿಮ್ಗೆ ಕಲಿಸಿದ್ದು ತಪ್ಪು. ನಾಳೆಯಿಂದ ಉಜ್ಜೋದ್ ಬೇಡ, ಎರಡೆರಡು ಗಂಟೆಗೆ ಮಗ್ಗುಲು ಬದಲಾಯ್ಸಿ."

ನನಗೆ ಮೈಯೆಲ್ಲ ಉರಿಯಿತು. "ಹಂಗಾರ ಇಷ್ಟು ದಿನಾ ನಾವು ಉಜ್ಜಿದವರಿಗೆ ಹುಣ್ಣಾತಲ್ರೀ, ಅದು ನಮ್ಮ ಕೈಲೇ ಆತೇನ್ರೀ ಮೇಡಂ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನ ಕಡೆಗೇ ತಿರುಗಿದರು. "ಕೆಲವು ಆಗಿರ್ಬೋದು. ಕಲಿಸಿದ್ದು ನಾನು, ಪಾಪ ಇದ್ರೆ ನಂದು. ಈಗ್ಲೂ ನಾನ್ ಹೇಳ್ದೆ ಅಂತ ನಂಬ್ಬೇಡಿ. ನಮ್ಮ ವಾರ್ಡಿನ ಬೆನ್ನುಗಳು ಏನ್ ಹೇಳ್ತಾವೋ ನೋಡೋಣ."

ಉಜ್ಜಿದರೆ ನಾಲ್ಕು ಜನಕ್ಕೆ ಕಾಣುತ್ತದೆ, ಮಗ್ಗುಲು ಬದಲಿಸಿದರೆ ಅದು ಯಾರಿಗೂ ಆರೈಕೆಯಾಗಿ ಕಾಣುವುದಿಲ್ಲ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದ ಕಾರ್ಖಾನೆಯ ಲೇತ್ ಕೆಲಸಗಾರನೊಬ್ಬನ ಹೆಂಡತಿ ಸೀದಾ ಆಸ್ಪತ್ರೆಯ ದೊಡ್ಡ ಡಾಕ್ಟರ ಬಳಿ ಹೋದಳು. "ಮುಂಚೆ ಬೆನ್ನಾದ್ರೂ ಉಜ್ತಿದ್ರು ಸಾಮಿ, ಈಗ ಇಂಗೆ ಒರಳ್ಸಿ ಒಂಟೋಯ್ತಾರೆ. ಬಡವ್ರು ಅಂದ್ರೆ ಇಷ್ಟೇನಾ?" ಡಾಕ್ಟರು ಮೇಟ್ರನ್ ಅವರನ್ನು ಕರೆಸಿ, ಮಳೆಗಾಲ ಮುಗಿಯುವವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಹುಣ್ಣು ಕಡಿಮೆಯಾಗದಿದ್ದರೆ ವಾರ್ಡುಗಳ ಉಸ್ತುವಾರಿಯನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಹೇಳಿದರು. ವಾರ್ಡು ಬಿಟ್ಟರೆ ಮೇಟ್ರನ್ ಅವರಿಗೆ ಬೇರೆ ಪ್ರಪಂಚವಿರಲಿಲ್ಲ.

ಮೇಟ್ರನ್ ಸೆರಗು ಸಿಕ್ಕಿಸಿಕೊಂಡು ತಾವೇ ನಮ್ಮ ಜೊತೆ ರೋಗಿಗಳನ್ನು ಹೊರಳಿಸತೊಡಗಿದರು. ನಮ್ಮ ಟೀ ಹೊತ್ತನ್ನೂ ಅದಕ್ಕೆ ತಕ್ಕಂತೆ ಬದಲಿಸಿ ನಮ್ಮಿಂದ ಬೈಸಿಕೊಂಡರು. ವಾರಕ್ಕೊಮ್ಮೆ ಎಲ್ಲರ ಬೆನ್ನನ್ನೂ ನಾವೇ ಕೂಡಿ ನೋಡಿ, ಹುಣ್ಣುಗಳನ್ನು ಎಣಿಸಿ ಬರೆದಿಡುತ್ತಿದ್ದೆವು. ಹೊಸ ಹುಣ್ಣುಗಳು ಕಡಿಮೆಯಾಗುತ್ತಾ ಬಂದಾಗ ನನ್ನ ಸಿಟ್ಟೂ ಇಳಿಯಿತು. ಆದರೆ ಡಾಕ್ಟರಿಗೆ ವರದಿ ಕೊಡುವ ವಾರದಲ್ಲೇ ಆ ಲೇತ್ ಕೆಲಸಗಾರನ ಸೊಂಟದ ಬಳಿ ಚರ್ಮ ಕಿತ್ತು ಹುಣ್ಣಾಯಿತು. ಭಾನುವಾರ ಜನವಿಲ್ಲದೆ ಅವನನ್ನು ಯಾರೂ ಹೊರಳಿಸಿರಲಿಲ್ಲ.

"ಆಸ್ಪತ್ರೆಗೆ ಸೇರುವಾಗ್ಲೇ ಈ ಹುಣ್ಣಿತ್ತು ಅಂದ್ಬಿಡೋಣ ಮೇಡಂ, ನಿಮ್ ವಾರ್ಡ್ ಉಳಿಯುತ್ತೆ" ಎಂದರು ಹಿರಿಯ ಸಿಸ್ಟರ್ ಒಬ್ಬರು. ಮೇಟ್ರನ್ ಗದರಿದ್ದನ್ನು ನಾನು ಕೇಳಿದ್ದು ಅಂದು ಮಾತ್ರ. "ನಮ್ಗೆ ಬೇಕಾದ್ದಷ್ಟೇ ಎಣಿಸ್ಕೊಂಡ್ರೆ ಅದು ಲೆಕ್ಕ ಅಲ್ಲ ಕಣಮ್ಮ, ಭಜನೆ!"

ದೊಡ್ಡ ಡಾಕ್ಟರ ಮುಂದೆ ಮೇಟ್ರನ್ ಮೊದಲು ಹೇಳಿದ್ದೇ ಆ ಹುಣ್ಣಿನ ವಿಷಯ. "ಉಳಿದವ್ರ ಬೆನ್ನು ಚೆನ್ನಾಗಿದೆ, ಇವನದು ಕೆಟ್ಟಿದೆ. ಭಾನುವಾರ ಕೈ ಸಾಲ್ಲಿಲ್ಲ. ಇನ್ನೂ ಜನ ಕೊಡಿ ಸಾರ್." ಡಾಕ್ಟರು ವಾರವಾರದ ಲೆಕ್ಕವನ್ನು ತರಿಸಿ ನೋಡಿದರು. ವಾರ್ಡು ಮೇಟ್ರನ್ ಅವರ ಕೈಯಲ್ಲೇ ಉಳಿಯಿತು, ಭಾನುವಾರಕ್ಕೆ ಆಯಾಗಳೂ ಬಂದರು. ಅಲ್ಲಿಂದ ಮೇಟ್ರನ್ ನೇರವಾಗಿ ಆ ಕೆಲಸಗಾರನ ಹೆಂಡತಿಯ ಬಳಿ ಹೋಗಿ, ತಪ್ಪು ನಮ್ಮದು ಎಂದರು. ಅವಳು ಬಾಯಿಗೆ ಬಂದಂತೆ ಬೈದಳು. ಇವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

ನಿವೃತ್ತರಾಗಿ ಆರ್.ಟಿ. ನಗರದ ತಂಗಿಯ ಮನೆಯಲ್ಲಿದ್ದಾಗ ಅವರಿಗೆ ಕ್ಯಾನ್ಸರ್ ಆಯಿತು. ಆ ಹೊತ್ತಿಗೆ ನಾನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುತ್ತಿದ್ದೆ. ಸೊಂಟದಡಿ ಇಡುವ ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ಒಳ್ಳೆಯದಲ್ಲ, ಸುತ್ತಲಿನ ರಕ್ತ ತಡೆಯುತ್ತದೆ ಎಂದು ಓದಿದ್ದೆ. ಆ ರಿಂಗುಗಳನ್ನು ಹೋರಾಡಿ ಆಸ್ಪತ್ರೆಗೆ ತರಿಸಿದವರು ಅವರೇ. ನೋಡಲು ಹೋದರೆ ಅಂಥದೇ ರಿಂಗಿನ ಮೇಲೆ ಮಲಗಿದ್ದರು. ಓದಿದ್ದನ್ನು ಹೇಳಿದರೆ ನೊಂದುಕೊಂಡಾರು ಅನ್ನಿಸಿತು. ಆದರೂ ಹೇಳಿದೆ.

ಅವರ ಕಣ್ಣು ಅರಳಿತು. "ನಮ್ಮ ರೋಗಿಗಳಲ್ಲಿ ನೋಡಿದ್ಯಾ?"

"ನೋಡೇನ್ರೀ ಮೇಡಂ, ಖರೇ ಐತ್ರೀ."

"ಮತ್ತೆ ಯಾಕ್ ನಿಂತಿದೀಯ? ತೆಗಿ."

ಅವರನ್ನೆತ್ತಿ ರಿಂಗನ್ನು ಎಳೆದು, ಮಗ್ಗುಲಿಗೆ ಮಲಗಿಸಿದೆ. ಮಗುವಿನಷ್ಟೂ ಭಾರವಿರಲಿಲ್ಲ. ಅಂದಿನಿಂದ ದಿನವೂ ಹೋಗಿ ಬರುತ್ತಿದ್ದೆ, ಅವರ ತಂಗಿಗೂ ಹೊರಳಿಸುವುದನ್ನು ಕಲಿಸಿದೆ.

ಅವರು ತೀರಿಕೊಂಡ ದಿನ ಕೊನೆಯ ಸ್ನಾನ ಮಾಡಿಸಿದವಳು ನಾನೇ. ಸೊಂಟದ ಬಳಿ ಸಣ್ಣದೊಂದು ಹುಣ್ಣಿತ್ತು. ನಾನು ಎಷ್ಟು ಪ್ರಯತ್ನಪಟ್ಟರೂ ಆಗಿಬಿಟ್ಟಿತ್ತು. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಈ ಪಾಠ ಮಾಡುವಾಗ ಚೆನ್ನಾಗಿ ಉಳಿದ ಬೆನ್ನುಗಳನ್ನೆಲ್ಲ ಹೇಳಿ, ಮೇಟ್ರನ್ ಅವರ ಆ ಹುಣ್ಣನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ.