ತಾರಾನಾಥನ ಕಬ್ಬಿಣದ ಗಾಲಿಗಳು

ಕಟಪಾಡಿ ಜಂಕ್ಷನ್ನಿನಿಂದ ಶಂಕರಪುರದ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಮೊದಲು ಅದರಲ್ಲಿ ಹಂಚು ಪೇರಿಸಿ ಇಡುತ್ತಿದ್ದರು. ಈಗ ಬಾಗಿಲ ಮೇಲೆ ‘ಕುಶಲಾ ಇಂಜಿನಿಯರಿಂಗ್ ವರ್ಕ್ಸ್, ಟ್ರ್ಯಾಕ್ಟರ್ ಉಪಕರಣಗಳು’ ಎಂಬ ಬೋರ್ಡು ಉಂಟು. ಕುಶಲಾ ಎಂದರೆ ತಾರಾನಾಥನ ಹೆಂಡತಿ. ಹೆಸರು ಬರೆಸುವಾಗ ಅವನು ಅವಳನ್ನು ಕೇಳಿರಲಿಲ್ಲ. ಬೋರ್ಡು ನೋಡಿದ ದಿನ ಅವಳು ಹೇಳಿದ್ದು ಒಂದೇ ಮಾತು: “ನನ್ನ ಹೆಸರು ಹಾಕಿದ ಮೇಲೆ ಆರು ತಿಂಗಳಿಗೆ ಬಾಗಿಲು ಮುಚ್ಚಬೇಡಿ, ದಮ್ಮಯ್ಯ.”

ತಾರಾನಾಥನಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೆರಡು ಗಲ್ಫಿನಲ್ಲಿ ಕಳೆಯಿತು. ಎಣ್ಣೆ ತುಂಬಿಸುವ ದೊಡ್ಡ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡುವುದು ಅವನ ಕೆಲಸ. ಎರಡು ತಗಡುಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಸೂಪರ್‌ವೈಸರ್ ಇಡೀ ದಿನದ ಕೆಲಸವನ್ನು ಗ್ರೈಂಡರ್ ಹಿಡಿದು ಕಿತ್ತು ಹಾಕಿಸುತ್ತಿದ್ದ. ಹೀಗೆ ಕಿತ್ತಿಸಿಕೊಂಡು ಕಿತ್ತಿಸಿಕೊಂಡು ತಾರಾನಾಥ ಕೊನೆಗೆ ಅಲ್ಲಿನ ಒಳ್ಳೆಯ ವೆಲ್ಡರುಗಳಲ್ಲಿ ಒಬ್ಬನಾದ. ಅಷ್ಟರಲ್ಲಿ ಕಣ್ಣಿನಲ್ಲಿ ಬೆಳಗಾದರೆ ನೀರು, ಸೊಂಟದಲ್ಲಿ ಬಗ್ಗಿದರೆ ನೋವು. ಫೆಬ್ರವರಿಯಲ್ಲಿ ಊರಿಗೆ ಬಂದವನು ಬ್ಯಾಗನ್ನು ಅಟ್ಟಕ್ಕೆ ಹಾಕಿ, ಇನ್ನು ಹೋಗುವುದಿಲ್ಲ ಎಂದ. ಕುಶಲಾ ನಂಬಿದಳೋ ಇಲ್ಲವೋ, ಗೊತ್ತಾಗಲಿಲ್ಲ.

ಆದರೆ ಗಲ್ಫಿನಲ್ಲಿ ಅವನ ಫೋರ್‌ಮನ್ ಆಗಿದ್ದ ಲಿಗೋರಿ ಸುಮ್ಮನೆ ಬಿಡುವ ಜನ ಅಲ್ಲ. ಕಾರ್ಕಳದ ಲಿಗೋರಿ, ಜೀವಕ್ಕೆ ಜೀವ ಕೊಡುವ ಮನುಷ್ಯ. ವಾರಕ್ಕೊಮ್ಮೆ ಫೋನು. “ನಿನ್ನ ಜಾಗ ಖಾಲಿ ಇಟ್ಟಿದ್ದೇನೆ ಮಾರಾಯ. ಜೂನ್ ಕೊನೆಯವರೆಗೆ ಇಡಬಹುದು. ಆಮೇಲೆ ನನ್ನ ಕೈಯಲ್ಲಿ ಇಲ್ಲ.” ತಾರಾನಾಥ ಇಲ್ಲ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಶೆಡ್ಡು ನಡೆದರೆ ಊರು, ನಡೆಯದಿದ್ದರೆ ಮತ್ತೆ ವಿಮಾನ. ಲೆಕ್ಕ ಅಷ್ಟು ಸುಲಭ.

ಶೆಡ್ಡು ಶುರು ಮಾಡುವುದೇನು ಸುಲಭ ಇರಲಿಲ್ಲ. ನೋಂದಣಿಗೆಂದು ಮಣಿಪಾಲದ ಕಚೇರಿಗೆ ನಾಲ್ಕು ಸಲ ಹೋದ, ನಾಲ್ಕು ಸಲವೂ ಒಂದೊಂದು ಕಾಗದವನ್ನು ಮನೆಯ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದ. ಐದನೆಯ ಸಲ ಕುಶಲಾ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸ್ಕೂಟರಿನ ಹ್ಯಾಂಡಲ್ಲಿಗೆ ಕಟ್ಟಿ ಕಳಿಸಿದಳು. ಮೇ ತಿಂಗಳ ಸೆಕೆಯಲ್ಲಿ ತಗಡಿನ ಕೆಳಗೆ ನಿಂತು, ಒಬ್ಬನೇ ಕಬ್ಬಿಣ ಬಗ್ಗಿಸಿ, ಕೊನೆಗೊಂದು ಜೊತೆ ಕೇಜ್ ವೀಲ್ ಮಾಡಿ ಮುಗಿಸಿದ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ರಬ್ಬರಿನ ಟೈರು ಬಿಚ್ಚಿ ಹಾಕುವ ಕಬ್ಬಿಣದ ಗಾಲಿ ಅದು. ಎರಡು ದೊಡ್ಡ ಬಳೆ, ನಡುವೆ ಅಡ್ಡಪಟ್ಟಿಗಳು. ಘಟ್ಟದ ಮೇಲಿನಿಂದ ಬರುವ ಗಾಲಿಗಳಲ್ಲಿ ಹನ್ನೆರಡು ಪಟ್ಟಿ ಇದ್ದರೆ ತಾರಾನಾಥ ಇಪ್ಪತ್ತನಾಲ್ಕು ಹಾಕಿದ. ಹತ್ತಿರ ಹತ್ತಿರ, ಒಂದೇ ಅಳತೆಯಲ್ಲಿ. ನೋಡಿದರೆ ಕಣ್ಣು ತಾಗಬೇಕು, ಅಷ್ಟು ಚಂದ.

ಉಚ್ಚಿಲದ ಕಿಟ್ಟಣ್ಣ ನೋಡಲು ಬಂದ. ಎರಡು ಟ್ರ್ಯಾಕ್ಟರ್ ಇಟ್ಟುಕೊಂಡು ಕಾಪುವಿನ ಆಚೆ ಈಚೆ ಬಾಡಿಗೆಗೆ ಉಳುವವನು. ಜೊತೆಗೆ ಅವನ ಡ್ರೈವರ್ ಮಲಕಪ್ಪ, ಬಾದಾಮಿ ಕಡೆಯವನು, ಇಲ್ಲಿಗೆ ಬಂದು ಹತ್ತು ವರ್ಷ ದಾಟಿತ್ತು. ಕಿಟ್ಟಣ್ಣ ಗಾಲಿಯನ್ನು ಒದ್ದು ನೋಡಿ ತಲೆದೂಗಿದ. ಮಲಕಪ್ಪ ಪಟ್ಟಿಗಳ ನಡುವೆ ಕೈ ತೂರಿಸಿ, “ಪಟ್ಟಿ ಭಾಳ ಹತ್ರ ಹತ್ರ ಅದಾವಲ್ರೀ ಅಣ್ಣಾರ?” ಎಂದ.

“ಹಿಡಿತ ಬರಬೇಕಲ್ವಾ” ಎಂದ ತಾರಾನಾಥ.

“ಮಾಡಿದವ್ರಿಗೆ ಗೊತ್ತಿರತೈತಿ ಬಿಡ್ರಿ” ಎಂದು ಮಲಕಪ್ಪ ಕೈ ಒರೆಸಿಕೊಂಡ. ಒಳ್ಳೆಯ ಮನುಷ್ಯ. ಒಳ್ಳೆಯವರ ತೊಂದರೆಯೇ ಇದು, ಎರಡನೆಯ ಸಲ ಹೇಳುವುದಿಲ್ಲ.

ಕಿಟ್ಟಣ್ಣನ ಮಾತು ಖಡಕ್. ಮಳೆ ಹಿಡಿದ ಮೇಲೆ ಒಂದು ಗದ್ದೆಯಲ್ಲಿ ಓಡಿಸಿ ನೋಡುವುದು. ಓಡಿದರೆ ತನ್ನ ಎರಡು ಗಾಡಿಗಳಿಗೂ ತಾರಾನಾಥನದೇ ಗಾಲಿ, ಜೊತೆಗೆ ಕಾರ್ಕಳ, ಹೆಬ್ರಿ ಕಡೆಯ ಗಾಡಿಯವರಿಗೂ ತಾನೇ ಹೇಳುವುದು. ಓಡದಿದ್ದರೆ ಯಾರ ಮನಸ್ಸಿಗೂ ಬೇಸರ ಬೇಡ.

ಜೂನ್ ಹತ್ತೊಂಬತ್ತಕ್ಕೆ ಇನ್ನಂಜೆಯಲ್ಲಿ ತಾರಾನಾಥನ ಮನೆಯ ಕೆಳಗಿನ ಗದ್ದೆಯಲ್ಲೇ ಗಾಲಿ ಇಳಿಯಿತು. ಎರಡು ದಿನದ ಮಳೆ ಕುಡಿದ ಗದ್ದೆ. ಆಚೆ ಮೂಲೆಯಲ್ಲಿ ಕುಶಲಾ ಹಾಕಿದ ಭತ್ತದ ಸಸಿ ನಾಟಿಗೆ ತಯಾರಾಗಿ ನಿಂತಿತ್ತು. ಟ್ರ್ಯಾಕ್ಟರ್ ಗದ್ದೆಯಂಚಿನ ಮಣ್ಣಿನ ಹುಣಿ ದಾಟಿ ಹತ್ತು ಮಾರು ಹೋಯಿತು, ಹನ್ನೆರಡು ಹೋಯಿತು. ಆಮೇಲೆ ಗಾಲಿ ತಿರುಗುತ್ತ ಉಂಟು, ಗಾಡಿ ಹೋಗುತ್ತ ಇಲ್ಲ. ಪಟ್ಟಿಗಳ ನಡುವೆ ಕೆಸರು ಕಚ್ಚಿ ಕಚ್ಚಿ ಗಾಲಿ ಡ್ರಮ್ಮಿನ ಹಾಗೆ ಉರುಟಾಯಿತು. ಮಲಕಪ್ಪ ಹಿಂದೆ ತೆಗೆದ, ಮುಂದೆ ತೆಗೆದ. ಪ್ರತಿ ಸಲ ಅರ್ಧ ಗೇಣು ಕೆಳಗೆ. ಕೊನೆಗೆ ಗಾಡಿಯ ಹೊಟ್ಟೆ ಗದ್ದೆಗೆ ತಾಗಿತು.

“ಗಾಲ್ಯಾಗ ರಾಡಿ ತುಂಬೇತ್ರಿ, ಬಿಡವಲ್ದು” ಎಂದು ಮಲಕಪ್ಪ ಇಳಿದು ನಿಂತ.

ನೋಡಲಿಕ್ಕೆ ಊರಿನ ಜನ ಬಂದರು. ಬಾರದೆ ಇರುತ್ತಾರೆಯೇ? ಮಧ್ಯಾಹ್ನ ಜೆಸಿಬಿ ಬಂದು ಟ್ರ್ಯಾಕ್ಟರನ್ನು ಎಳೆಯಿತು. ಎಳೆಯುವಾಗ ಕುಶಲಾ ಹೊಸದಾಗಿ ಮೆತ್ತಿದ ಹುಣಿ ಎರಡು ಕಡೆ ಒಡೆಯಿತು. ಕಿಟ್ಟಣ್ಣ ಹೋಗುವಾಗ ತಾರಾನಾಥನ ಬೆನ್ನು ತಟ್ಟಿ, “ಬೇಸರ ಮಾಡಬೇಡಿ ತಾರಾನಾಥಣ್ಣ. ಎಲ್ಲ ಕೆಲಸ ಎಲ್ಲರಿಗೂ ಆಗುವುದಿಲ್ಲ” ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಕಾಲು ತೊಳೆದು ಮನೆಯೊಳಗೆ ಬಂದರೆ ಚಾವಡಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಸುತ್ತಲೂ ಟೇಪು, ಮೇಲೆ ಹಸಿರು ನೈಲಾನ್ ಹಗ್ಗ, ದಪ್ಪ ಮಾರ್ಕರಿನಲ್ಲಿ ಅವನ ಹೆಸರು. ಪ್ರತಿ ಸಲ ವಿಮಾನಕ್ಕೆ ಹಾಕುವ ಪೆಟ್ಟಿಗೆ. ಒಳಗೆ ಏನಿರುತ್ತದೆಂದು ಕಟ್ಟು ನೋಡಿಯೇ ಹೇಳಬಲ್ಲ: ಒಣಸಿಗಡಿ, ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ. ಗದ್ದೆಯಲ್ಲಿ ನಾಲ್ಕು ಜನರ ಎದುರು ಆಗದ ಅವಮಾನ ಇಲ್ಲಿ ಆಯಿತು.

“ಇದು ಯಾವಾಗ ಕಟ್ಟಿದ್ದು?”

“ಮೇ ಇಪ್ಪತ್ತೆಂಟಕ್ಕೆ” ಎಂದಳು ಕುಶಲಾ. “ಪ್ರತಿ ವರ್ಷ ಆ ಹೊತ್ತಿಗೇ ಅಲ್ವಾ ಕಟ್ಟುವುದು. ಈ ವರ್ಷವೂ ಕಟ್ಟಿ ಒಳಗೆ ಇಟ್ಟಿದ್ದೆ. ಇವತ್ತು ಹೊರಗೆ ತಂದೆ.”

“ಅಂದರೆ ಆಗುವುದಿಲ್ಲ ಎಂದು ನಿನಗೆ ಮೊದಲೇ ಗೊತ್ತಿತ್ತು.”

“ನೀವು ಹೋಗುತ್ತೀರಿ ಎಂದು ಗೊತ್ತಿತ್ತು. ಅದಕ್ಕೆ ನನಗೆ ಅಭ್ಯಾಸ ಉಂಟು.” ಅವಳು ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಳು. “ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ನೀವು ಈ ಗದ್ದೆಯನ್ನು ಕೆಸರಿನಲ್ಲಿ ನೋಡಿದ್ದು ಯಾವಾಗ?”

ತಾರಾನಾಥ ಯೋಚಿಸಿದ. ಅವನಿಗೆ ರಜೆ ಸಿಗುತ್ತಿದ್ದದ್ದು ಏಪ್ರಿಲ್, ಮೇ. ಮದುವೆಗಳು, ದೈವದ ನೇಮಗಳು, ಮಾವಿನ ಹಣ್ಣು. ಆಗ ಗದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ. ಮಳೆ ಬರುವ ಮೊದಲೇ ಅವನ ವಿಮಾನ. ಗಾಲಿಯ ಅಳತೆಗೆ ಗದ್ದೆಯನ್ನು ನೋಡಿಕೊಂಡದ್ದೂ ಮಾರ್ಚಿನಲ್ಲಿ, ಚಪ್ಪಲಿ ಹಾಕಿಕೊಂಡು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಳೆಗಾಲವನ್ನೂ ಅವನು ಈ ಮನೆಯಲ್ಲಿ ಕಂಡಿರಲಿಲ್ಲ. ಹೇಳಲು ನಾಚಿಕೆಯಾಯಿತು. ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳೇ ಅವನನ್ನು ಗದ್ದೆಗೆ ಇಳಿಸಿದಳು. ಟ್ರ್ಯಾಕ್ಟರ್ ಹೂತ ಗುಂಡಿಯ ಹತ್ತಿರ ಸೀರೆ ಎತ್ತಿ ಕಟ್ಟಿ ನಿಂತಳು, ಕೆಸರು ಮೊಣಕಾಲಿನವರೆಗೆ. ಬಗ್ಗಿ, ಬೆರಳುಗಳನ್ನು ಒಟ್ಟು ಸೇರಿಸಿ ಕೈಯನ್ನು ಕೆಸರಿಗೆ ಹಾಕಿ ಎತ್ತಿದಳು. ಅಂಗೈ ತುಂಬ ಮುದ್ದೆ ಬಂತು. ಅದನ್ನು ಕೊಡವಿ, ಈ ಸಲ ಬೆರಳು ಬಿಡಿಸಿ ಹಾಕಿ ಎತ್ತಿದಳು. ಕೆಸರೆಲ್ಲ ಬೆರಳಿನ ಸಂದಿಯಿಂದ ಇಳಿದು ಹೋಯಿತು.

“ನಿಮ್ಮ ಗಾಲಿಗೆ ಸಂದಿ ಇಲ್ಲ. ಹೊಕ್ಕಿದ ಕೆಸರು ಹೊರಗೆ ಹೋಗಲು ದಾರಿ ಬೇಡವಾ?”

“ಇದನ್ನು ಮೇ ತಿಂಗಳಲ್ಲಿ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ದು ಯಾವಾಗ?”

ಅವನು ಬಗ್ಗಿ, ತಾನೂ ಬೆರಳು ಬಿಡಿಸಿ ಕೈಯನ್ನು ಕೆಸರಿಗೆ ಹಾಕಿ ಎತ್ತಿ ನೋಡಿದ.

ಶೆಡ್ಡಿಗೆ ಹೋಗಿ ಗ್ಯಾಸ್ ಕಟ್ಟರ್ ಹೊತ್ತಿಸಿದ. ಒಂದು ಬಿಟ್ಟು ಒಂದರಂತೆ ಪಟ್ಟಿ ಕತ್ತರಿಸಬೇಕು. ಕೈ ಬರಲಿಲ್ಲ. ಸಂದಿ ಮುಚ್ಚಿ ಮುಚ್ಚಿ ಊಟ ಸಂಪಾದಿಸಿದ ಕೈ ಅದು, ಸಂದಿ ಬಿಟ್ಟು ಗೊತ್ತಿಲ್ಲ. ಮೊದಲ ಪಟ್ಟಿ ಉದುರಿ ನೆಲಕ್ಕೆ ಬಿದ್ದಾಗ ಅವನಿಗೆ ನಿಜವಾಗಿ ಅಳು ಬಂತು. ಒರೆಸಿಕೊಂಡ. ಕಣ್ಣಿನಲ್ಲಿ ಹೇಗೂ ನೀರು ಇರುವುದೇ. ಮೂರು ದಿನ ಹಿಡಿಯಿತು, ಸೊಂಟ ಪೂರ್ತಿ ಹೋಯಿತು. ಆಮೇಲೆ ಉಚ್ಚಿಲಕ್ಕೆ ಹೋಗಿ ಕಿಟ್ಟಣ್ಣನ ಎದುರು ನಿಂತ.

“ಭಾನುವಾರ ಗಾಡಿ ಖಾಲಿ ಉಂಟು” ಎಂದ ಕಿಟ್ಟಣ್ಣ. “ಮಲಕಪ್ಪ ಬಂದರೆ ಕರೆದುಕೊಂಡು ಹೋಗಿ. ಈ ಸಲ ಹೂತರೆ ಜೆಸಿಬಿಗೆ ನಾನು ಫೋನು ಮಾಡುವುದಿಲ್ಲ.”

ಮಲಕಪ್ಪ ತನ್ನ ರಜೆ ಬಿಟ್ಟು ಬಂದ. ಗಾಲಿ ಹುಣಿ ದಾಟಿ ಇಳಿಯಿತು. ತಾರಾನಾಥ ನೋಡಲಾರದೆ ಕೆಳಗೆ ನೋಡುತ್ತ ನಿಂತ. ಹನ್ನೆರಡು ಮಾರು ದಾಟಿದ್ದು ಇಂಜಿನ್ನಿನ ಸದ್ದಿನಲ್ಲೇ ಗೊತ್ತಾಯಿತು. ತಲೆ ಎತ್ತಿದರೆ ಕೆಸರು ಪಟ್ಟಿಗಳ ಸಂದಿಯಿಂದ ಸುರಿಯುತ್ತ ಉಂಟು, ಟ್ರ್ಯಾಕ್ಟರ್ ಆಚೆ ಹುಣಿಯ ಹತ್ತಿರ ತಿರುಗುತ್ತ ಉಂಟು. ಒಂದೂವರೆ ಗಂಟೆಯಲ್ಲಿ ಗದ್ದೆ ಮುಗಿಯಿತು. ಮಲಕಪ್ಪ ಇಳಿದು, “ಈಗ ಬರಾಬರಿ ಆತ್ರಿ. ಅವತ್ತ ನಾನೂ ಗಟ್ಟಿಯಾಗಿ ಹೇಳಬೇಕಿತ್ತು ನೋಡ್ರಿ” ಎಂದ. ಕುಶಲಾ ಅವನಿಗೆ ಚಹಾ ಕೊಟ್ಟಳು.

ಸಂಜೆ ಕಿಟ್ಟಣ್ಣ ಫೋನು ಮಾಡಿದ. ತನ್ನ ಇನ್ನೊಂದು ಗಾಡಿಗೂ ಒಂದು ಜೊತೆ ಬೇಕು. ಕಾರ್ಕಳ, ಹೆಬ್ರಿಯವರು ಈ ವರ್ಷದ್ದು ಆಗಲೇ ಘಟ್ಟದ ಮೇಲಿನಿಂದ ತರಿಸಿ ಆಗಿದೆ, ಅವರದ್ದು ಮುಂದಿನ ವರ್ಷ ನೋಡುವ. ಅಂದರೆ ಇವತ್ತು ಓಡಿದ್ದೂ ಸೇರಿ ಒಟ್ಟು ಎರಡು ಜೊತೆ. ಇದನ್ನು ನಂಬಿ ಊರಿನಲ್ಲಿ ಕೂರುವುದು ಹೇಗೆ? ಚಾವಡಿಯಲ್ಲಿ ಕುಳಿತಿದ್ದ ಅವನ ಎದುರಿಗೇ ಆ ಪೆಟ್ಟಿಗೆ ಇತ್ತು.

ಅವನು ಲಿಗೋರಿಗೆ ಫೋನು ಹಚ್ಚಿದ.

“ಆ ಜಾಗಕ್ಕೆ ಬೇರೆಯವರನ್ನು ಹಾಕು ಮಾರಾಯ.”

“ಗಾಲಿ ಓಡಿತಾ?”

“ಓಡಿತು. ಎರಡು ಜೊತೆ.”

“ಎರಡು ಜೊತೆಯಲ್ಲಿ ಜೀವನ ಆಗುತ್ತದಾ?”

“ಗೊತ್ತಿಲ್ಲ ಲಿಗೋರಿ. ನನಗೆ ಸುಸ್ತಾಗಿದೆ. ಸುಸ್ತಾದರೆ ಆಗಲಿ, ಇಲ್ಲೇ ಆಗಲಿ.”

“ಸರಿ, ದೇವರು ಒಳ್ಳೆಯದು ಮಾಡಲಿ” ಎಂದು ಲಿಗೋರಿ ಫೋನು ಇಟ್ಟ.

ಕುಶಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಜೂನ್ ತಿಂಗಳು, ಮೀನುಗಾರಿಕೆ ನಿಂತಿದೆ, ದೋಣಿಗಳೆಲ್ಲ ದಡದಲ್ಲಿ, ಪೇಟೆಯಲ್ಲಿ ಹಸಿಮೀನು ಇಲ್ಲ. ಬೆಳಗಿನಿಂದ ಬರೀ ಗಂಜಿಯ ಮೇಲೆ ಇದ್ದರು ಇಬ್ಬರೂ. ಅವಳು ಕತ್ತಿ ತಂದು ಪೆಟ್ಟಿಗೆಯ ಹತ್ತಿರ ಕುಳಿತಳು. ಹಸಿರು ಹಗ್ಗ ಕತ್ತರಿಸಿದಳು, ಅವನ ಹೆಸರಿನ ನಡುವೆಯೇ ಟೇಪು ಸೀಳಿ ಮುಚ್ಚಳ ತೆರೆದಳು. ಒಣಸಿಗಡಿಯ ಪೊಟ್ಟಣ ಎಲ್ಲಕ್ಕಿಂತ ಅಡಿಯಲ್ಲಿತ್ತು. ಅದನ್ನು ಹುಡುಕಿ ತೆಗೆಯುವಾಗ ಅವಳು ಮುಖ ಈ ಕಡೆ ತಿರುಗಿಸಲಿಲ್ಲ.

“ಚಟ್ನಿ ಮಾಡುತ್ತೇನೆ” ಎಂದಳು. “ಸ್ವಲ್ಪ ತೆಂಗಿನಕಾಯಿ ತುರಿದು ಕೊಡಿ.”